ಹಡಗಿನಲ್ಲೂ ಬಾಲ್ಕನಿ ಕ್ಲಾಸು

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಂಗಾನಗರಕ್ಕೂ ಕಡಲಿಗೂ ಎಲ್ಲಿಯ ನಂಟು? ಹೆಸರಿನಲ್ಲಿ ಗಂಗೆ ಇದ್ದರೂ ಈ ಬಡಾವಣೆಗೆ ಹತ್ತಿರದ ದೊಡ್ಡ ನೀರೆಂದರೆ ಹೆಬ್ಬಾಳ ಕೆರೆ. ಮಂಗಳೂರಿನ ಕಡಲು ಇಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಚೆನ್ನೈನ ಕಡಲೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುವ ಕುಟುಂಬಗಳಲ್ಲಿ ಈಗ ಹಡಗು ಹತ್ತಲು ಹೋಗುವವರೂ ಇರುತ್ತಾರೆ. ಮುಂಬೈಗೋ ಚೆನ್ನೈಗೋ ಸಿಂಗಪುರಕ್ಕೋ ಹಾರಿ, ಅಲ್ಲಿಂದ ಮೂರು ನಾಲ್ಕು ದಿನ ನೀರಿನ ಮೇಲೆ ಕಳೆದು ಬರುವುದು ಮಧ್ಯಮ ವರ್ಗದ ರಜೆಯ ಹೊಸ ರೂಢಿ.

ಹಾಗೆ ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ಊರಿನದಲ್ಲ, ಕೋಣೆಯದು. ಹಡಗಿನ ಹೊಟ್ಟೆಯೊಳಗಿನ ಕಿಟಕಿಯಿಲ್ಲದ ಕೋಣೆಯೇ? ಗಾಜಿನ ಕಿಟಕಿಯ ಕೋಣೆಯೇ? ಅಥವಾ ಬಾಗಿಲು ತೆರೆದರೆ ಕಡಲಗಾಳಿ ಮುಖಕ್ಕೆ ಬಡಿಯುವ ಬಾಲ್ಕನಿ ಕೋಣೆಯೇ? ಒಂದರಿಂದ ಇನ್ನೊಂದಕ್ಕೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬೆಂಗಳೂರಿನವರಿಗೆ ಈ ಲೆಕ್ಕ ಹೊಸದೇನಲ್ಲ. ಮೆಜೆಸ್ಟಿಕ್‌ನ ಟಾಕೀಸುಗಳಲ್ಲಿ ಬಾಲ್ಕನಿಯ ಟಿಕೆಟ್ಟು ಯಾರಿಗೆ, ಪರದೆಯ ಬುಡದ ಗಾಂಧಿ ಕ್ಲಾಸು ಯಾರಿಗೆ ಎಂಬುದನ್ನು ಅರಿತೇ ಬೆಳೆದ ಊರು ಇದು. ಹಡಗಿನಲ್ಲೂ ನಡೆಯುವುದು ಅದೇ ಆಟ. ಆದರೆ ಇಲ್ಲಿ ಬಾಲ್ಕನಿ ಬಂದದ್ದು ತೀರಾ ಇತ್ತೀಚೆಗೆ. ಅದು ಬಂದ ದಾರಿಯನ್ನು ತಿಳಿದರೆ ಟಿಕೆಟ್ಟಿನ ಹಣ ಎಲ್ಲಿ ಹೋಗುತ್ತದೆ ಎಂಬುದೂ ತಿಳಿಯುತ್ತದೆ.

ಡೆಕ್ಕಿನ ಮೇಲಿನ ಚಾಪೆ

ಕನ್ನಡ ನಾಡಿನ ಹೆಚ್ಚಿನವರು ಬಲ್ಲ ಹಡಗು ಪ್ರಯಾಣದಲ್ಲಿ ಕೋಣೆಯೇ ಇರಲಿಲ್ಲ. ರಸ್ತೆಗಳೂ ಸೇತುವೆಗಳೂ ಸರಿಯಿಲ್ಲದ ಕಾಲದಲ್ಲಿ ಕರಾವಳಿಯಿಂದ ಮುಂಬೈಗೆ ಹೋಗಲು ಸ್ಟೀಮರೇ ದಾರಿ. ಅಲ್ಲಿನ ಉಡುಪಿ ಹೋಟೆಲುಗಳಲ್ಲಿ ಕೆಲಸ ಹುಡುಕಿ ಹೊರಟ ದಕ್ಷಿಣ ಕನ್ನಡದ ಹುಡುಗರು ಕೊಳ್ಳುತ್ತಿದ್ದುದು ಡೆಕ್ ಟಿಕೆಟ್ಟು. ಅಂದರೆ ತೆರೆದ ಅಟ್ಟದ ಮೇಲೆ ಚಾಪೆ ಬಿಚ್ಚಿ, ಟ್ರಂಕನ್ನು ತಲೆದಿಂಬು ಮಾಡಿಕೊಂಡು, ಕಟ್ಟಿ ತಂದ ಬುತ್ತಿ ಉಂಡು ಮಲಗುವ ಹಕ್ಕು. ಮಂಗಳೂರಿನ ಹಳೆ ಬಂದರಿನಲ್ಲಿ ನದಿಯ ಬಾಯಿ ಆಳವಿಲ್ಲದ್ದರಿಂದ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ಜನ ಸಣ್ಣ ದೋಣಿಗಳಲ್ಲಿ ಹೋಗಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಬಂದ್.

ಹಡಗು ನೇರವಾಗಿ ದಕ್ಕೆಗೆ ತಾಗುವ ಬಂದರು ಪಣಂಬೂರಿನಲ್ಲಿ ಸಿದ್ಧವಾಗಿ, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅಷ್ಟು ಹೊತ್ತಿಗೆ ಪ್ರಯಾಣಿಕರು ಬಸ್ಸಿಗೆ, ರೈಲಿಗೆ ಹೊರಳಿದ್ದರು. ಇಂದು ನವಮಂಗಳೂರು ಬಂದರಿಗೆ ಋತುವಿನಲ್ಲಿ ಬಂದು ನಿಲ್ಲುವ ವಿದೇಶಿ ವಿಹಾರ ಹಡಗುಗಳಿಂದ ಇಳಿಯುವವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನೋ ಗೋಡಂಬಿ ಕಾರ್ಖಾನೆಯನ್ನೋ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಕೆಲಸಕ್ಕಾಗಿ ಕಡಲು ದಾಟಿದ ಊರಿಗೆ ವಿಹಾರಕ್ಕಾಗಿ ಕಡಲು ದಾಟಿದವರು ಬಂದು ಹೋಗುತ್ತಿದ್ದಾರೆ.

ಕೋಣೆಗೆ ಊಟ: ಒಂದು ಹಳೆಯ ಚಿಂತೆ

ಇಂದು ರೂಂ ಸರ್ವಿಸ್ ಎಂದರೆ ಸುಖ. ನೂರು ವರ್ಷದ ಹಿಂದೆ ಕೋಣೆಯಲ್ಲೇ ಕುಳಿತು ಉಣ್ಣುವುದಕ್ಕೆ ಬೇರೆಯೇ ಕಾರಣವಿತ್ತು. ಸಮುದ್ರೋಲ್ಲಂಘನ ಮಾಡಿದವನಿಗೆ ಜಾತಿಯಿಂದ ಬಹಿಷ್ಕಾರ, ಮರಳಿದ ಮೇಲೆ ಪ್ರಾಯಶ್ಚಿತ್ತ ಎಂಬ ಕಟ್ಟಳೆ ಬಲವಾಗಿದ್ದ ದಿನಗಳವು. ನೀರು ದಾಟುವುದಕ್ಕಿಂತ ದೊಡ್ಡ ಭಯ, ದಾಟುವಾಗ ಯಾರ ಕೈಯಡುಗೆ ಉಣ್ಣಬೇಕು ಎಂಬುದಾಗಿತ್ತು. 1888ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹೊರಟ ಹದಿಹರೆಯದ ಮೋಹನದಾಸ ಗಾಂಧಿ ಹಡಗಿನ ಊಟದ ಮೇಜಿನತ್ತ ಸುಳಿಯಲಿಲ್ಲ. ಇಂಗ್ಲಿಷ್ ಮಾತಿಗೆ ನಾಚಿಕೆ, ಚಾಕು ಮುಳ್ಳುಚಮಚ ಹಿಡಿಯಲು ಸಂಕೋಚ, ಯಾವುದರಲ್ಲಿ ಮಾಂಸವಿದೆಯೋ ಎಂಬ ಅಳುಕು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ಕೋಣೆಯಲ್ಲಿ ತಿಂದು ದಿನ ದೂಡಿದರು. ಹೊರಡುವ ಮೊದಲೇ ಅವರ ಜಾತಿಯವರು ಬಹಿಷ್ಕಾರ ಹಾಕಿಯೂ ಆಗಿತ್ತು.

ಬಡ ವಿದ್ಯಾರ್ಥಿಯ ಪಾಡು ಹಾಗಾದರೆ ಅರಸರದ್ದು ಇನ್ನೊಂದು ಬಗೆ. ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ 1902ರಲ್ಲಿ ಹೊರಟ ಜೈಪುರದ ಮಹಾರಾಜ ಮಾಧೋಸಿಂಗ್ 'ಒಲಿಂಪಿಯಾ' ಎಂಬ ಹಡಗನ್ನೇ ಬಾಡಿಗೆಗೆ ಹಿಡಿದರು. ಅದರೊಳಗೆ ದೇವರ ಮನೆ, ಅಡುಗೆಯವರು, ಬೃಹತ್ ಬೆಳ್ಳಿ ಹಂಡೆಗಳಲ್ಲಿ ತಿಂಗಳುಗಟ್ಟಲೆ ಸಾಲುವಷ್ಟು ಗಂಗಾಜಲ. ಸುಮಾರು 4,000 ಲೀಟರ್ ಹಿಡಿಯುವ ಅಂಥ ಎರಡು ಹಂಡೆಗಳನ್ನು ಜೈಪುರದ ಅರಮನೆಯಲ್ಲಿ ಈಗಲೂ ನೋಡಬಹುದು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುರೋಪಿಗೆ ಹೋದದ್ದು 1936ರಲ್ಲಿ. ಅದೇ ವರ್ಷ ಆಕ್ಸ್‌ಫರ್ಡ್‌ನಲ್ಲಿ ಓದಲು ತೆರಳಿದ ವಿ.ಕೃ. ಗೋಕಾಕರಿಗೆ ಕಡಲು ಭಯದ ವಸ್ತುವಾಗದೆ ಕಾವ್ಯದ ವಸ್ತುವಾಯಿತು. 1940ರಲ್ಲಿ 'ಸಮುದ್ರ ಗೀತೆಗಳು' ಹೊರಬಂತು. ಹಾಗೆಂದು ಕಟ್ಟಳೆ ಪೂರ್ತಿ ಅಳಿದಿಲ್ಲ. ಉಡುಪಿಯಲ್ಲಿ 2008ರ ಪರ್ಯಾಯದ ವೇಳೆ, ವಿದೇಶ ಪ್ರವಾಸ ಮಾಡಿದ್ದ ಪುತ್ತಿಗೆ ಮಠಾಧೀಶರು ಕೃಷ್ಣನ ವಿಗ್ರಹ ಮುಟ್ಟಿ ಪೂಜಿಸಬಹುದೇ ಎಂದು ಎದ್ದ ವಿವಾದ ಇನ್ನೂ ಹಲವರ ನೆನಪಿನಲ್ಲಿದೆ.

ನೆರಳಿನ ಬದಿಯ ಕಥೆ

ಕೋಣೆ ಆರಿಸುವ ವಿಷಯ ಬಂದಾಗ ಒಂದು ಕಥೆಯನ್ನು ಹೇಳದೆ ಬಿಡುವಂತಿಲ್ಲ. ಇಂಗ್ಲಿಷಿನಲ್ಲಿ ಠಾಕುಠೀಕಾದದ್ದಕ್ಕೆ, ಸಿರಿವಂತಿಕೆಯದ್ದಕ್ಕೆ 'ಪಾಶ್' ಎನ್ನುತ್ತಾರೆ. ಇದು ಭಾರತಕ್ಕೆ ಬರುವ ಹಡಗಿನ ಟಿಕೆಟ್ಟಿನ ಮೇಲೆ ಹೊಡೆಯುತ್ತಿದ್ದ ಮುದ್ರೆಯಂತೆ: 'ಹೋಗುವಾಗ ಪೋರ್ಟ್, ಮರಳುವಾಗ ಸ್ಟಾರ್‌ಬೋರ್ಡ್' ಎಂಬುದರ ಮೊದಲಕ್ಷರಗಳಂತೆ. ಪೋರ್ಟ್ ಎಂದರೆ ಹಡಗಿನ ಮುಂದಿಕ್ಕಿಗೆ ಮುಖ ಮಾಡಿ ನಿಂತವನ ಎಡಬದಿ, ಸ್ಟಾರ್‌ಬೋರ್ಡ್ ಎಂದರೆ ಬಲಬದಿ. ಪೂರ್ವಕ್ಕೆ ಸಾಗುವ ಹಡಗಿನ ಎಡಬದಿ ಉತ್ತರಕ್ಕಿರುತ್ತದೆ, ಅಲ್ಲಿ ಬಿಸಿಲು ಕಡಿಮೆ. ಮರಳುವಾಗ ನೆರಳು ಬಲಬದಿಗೆ. ಫ್ಯಾನು, ಏರ್‌ಕಂಡಿಷನರ್ ಇಲ್ಲದ ಕಾಲದಲ್ಲಿ ಕೆಂಪು ಸಮುದ್ರದ ಸೆಕೆ ಬಲ್ಲ ಸಾಹೇಬರು ಹೆಚ್ಚು ಹಣ ಕೊಟ್ಟು ನೆರಳಿನ ಬದಿ ಹಿಡಿಯುತ್ತಿದ್ದರು ಎಂಬುದು ಕಥೆ.

ಕಥೆ ಸೊಗಸಾಗಿದೆ, ಆದರೆ ಪುರಾವೆ ಇಲ್ಲ. ಅಂಥ ಮುದ್ರೆಯಿರುವ ಒಂದೇ ಒಂದು ಟಿಕೆಟ್ಟೂ ಹಡಗು ಕಂಪನಿಗಳ ದಾಖಲೆಗಳಲ್ಲಿ ಸಿಕ್ಕಿಲ್ಲ. ನಿಘಂಟುಕಾರರು ಇದನ್ನು ಕಟ್ಟುಕಥೆಯ ಸಾಲಿಗೆ ಸೇರಿಸಿದ್ದಾರೆ. ಆದರೂ ಅದರೊಳಗಿನ ಭೂಗೋಳ ಸುಳ್ಳಲ್ಲ. ಇಂದು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ದಕ್ಷಿಣಕ್ಕೆ ಇಳಿಯುವ ಹಡಗಿನಲ್ಲಿ ಸೂರ್ಯೋದಯ ಎಡಬದಿಯವರಿಗೆ, ಸೂರ್ಯಾಸ್ತ ಬಲಬದಿಯವರಿಗೆ. ಮರಳುವಾಗ ಇದು ತಿರುಗುಮುರುಗು. ಸಂಜೆಯ ಕಾಫಿಯನ್ನು ಮುಳುಗುವ ಸೂರ್ಯನೆದುರು ಕುಡಿಯುವ ಆಸೆಯಿದ್ದರೆ, ಹಡಗು ಯಾವ ದಿನ ಯಾವ ದಿಕ್ಕಿಗೆ ಸಾಗುತ್ತದೆ ಎಂದು ಭೂಪಟ ನೋಡಿಯೇ ಬದಿ ಆರಿಸುವುದು ಜಾಣತನ.

ಬಾಲ್ಕನಿ ಬಂದ ಬಗೆ

1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ತಮ್ಮದೇ ಮೊಗಸಾಲೆಯಿದ್ದ ಕೋಣೆಗುಚ್ಛಗಳು ಎರಡೇ ಎರಡು. ಸುಮಾರು 50 ಅಡಿ ಉದ್ದದ ಆ ಖಾಸಗಿ ಓಡಾಟದ ಜಾಗಕ್ಕೂ ಗಾಜಿನ ಕಿಟಕಿಗಳ ಮುಚ್ಚುಗೆ ಇತ್ತು. ಉಳಿದ ಸಿರಿವಂತರಿಗೆ ಎಲ್ಲರೂ ಅಡ್ಡಾಡುವ ಡೆಕ್ಕೇ ಗತಿ. ಅಂದಿನ ಹಡಗು ವಿಹಾರಕ್ಕಲ್ಲ, ಊರು ಸೇರಲು ಇದ್ದದ್ದು. ಅಟ್ಲಾಂಟಿಕ್‌ನ ಚಳಿಗಾಳಿಯಲ್ಲಿ ಬಾಲ್ಕನಿ ಯಾರಿಗೆ ಬೇಕು? ಮೇಲಾಗಿ ಹಡಗಿನ ಎತ್ತರದ, ಒಳ್ಳೆಯ ನೋಟದ ಜಾಗವನ್ನೆಲ್ಲ ಸಾಲು ಸಾಲು ಜೀವರಕ್ಷಕ ದೋಣಿಗಳು ಆವರಿಸಿಕೊಂಡಿದ್ದವು.

ಈ ಗಂಟು ಬಿಚ್ಚಿಕೊಂಡದ್ದು ಎರಡು ಕಾರಣಗಳಿಂದ. 1958ರ ಹೊತ್ತಿಗೆ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದವು. ವಾರದ ದಾರಿ ಗಂಟೆಗಳಿಗೆ ಇಳಿಯಿತು. ಪ್ರಯಾಣಿಕರನ್ನು ಕಳೆದುಕೊಂಡ ಕಂಪನಿಗಳು ಹಡಗನ್ನೇ ಊರಾಗಿ, ಹೋಟೆಲಾಗಿ ಮಾರಲು ಕಲಿತವು. ಎರಡನೆಯದು ವಿನ್ಯಾಸದ್ದು. 1961ರಲ್ಲಿ ಯಾನ ಆರಂಭಿಸಿದ 'ಕ್ಯಾನ್‌ಬೆರಾ' ಹಡಗಿನಲ್ಲಿ ಜೀವರಕ್ಷಕ ದೋಣಿಗಳನ್ನು ವಾಡಿಕೆಗಿಂತ ಕೆಳಗಿನ ಅಂತಸ್ತಿಗೆ ಇಳಿಸಿ ಗೂಡಿನಂಥ ಜಾಗದಲ್ಲಿ ಕೂರಿಸಿದರು. ದೋಣಿಗಳು ಕೆಳಗಿಳಿದಂತೆ ಮೇಲಿನ ಅಂತಸ್ತುಗಳು ಬರಿದಾದವು. 1984ರಲ್ಲಿ ಸೌತಾಂಪ್ಟನ್‌ನಲ್ಲಿ ರಾಜಕುಮಾರಿ ಡಯಾನಾ ನಾಮಕರಣ ಮಾಡಿದ 'ರಾಯಲ್ ಪ್ರಿನ್ಸೆಸ್'ನಲ್ಲಿ ಪ್ರಯಾಣಿಕರ ಕೋಣೆಗಳೆಲ್ಲವೂ ಹೊರಗೋಡೆಗೆ ತಾಗಿದ್ದವು. ಮೇಲಂತಸ್ತಿನ ಅನೇಕ ಕೋಣೆಗಳಿಗೆ ಸ್ವಂತ ಬಾಲ್ಕನಿ ಬಂತು. 1990ರ ದಶಕದಲ್ಲಿ ಅದು ಸಾಮಾನ್ಯರ ಕೈಗೆಟುಕತೊಡಗಿತು.

ಆದರೆ ಹಡಗಿನ ಹೊರಗೋಡೆಯ ಉದ್ದಕ್ಕೆ ಒಂದು ಮಿತಿಯುಂಟು. ಅದನ್ನು ಹೆಚ್ಚು ಕೋಣೆಗಳಿಗೆ ಹಂಚಬೇಕಾದರೆ ಕೋಣೆ ಕಿರಿದಾಗಲೇಬೇಕು. ಆದ್ದರಿಂದಲೇ ಹಡಗಿನ ಕೋಣೆಗಳು ವಠಾರದ ಮನೆಗಳಂತೆ ಅಗಲ ಕಡಿಮೆ, ಉದ್ದ ಹೆಚ್ಚು. 2009ರ 'ಓಯಸಿಸ್ ಆಫ್ ದಿ ಸೀಸ್' ಇದಕ್ಕೊಂದು ಉಪಾಯ ಹುಡುಕಿತು: ಹಡಗಿನ ನಡುವೆ ತೆರೆದ ಅಂಗಳ, ಅದರಲ್ಲಿ ಗಿಡಮರ, ಅಂಗಳದತ್ತ ಒಳಮುಖದ ಬಾಲ್ಕನಿಗಳು. ತೊಟ್ಟಿ ಮನೆ ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಕಡಲು ನೋಡಬೇಕೆಂದು ಹಣ ಕೊಟ್ಟವರು ಮಾತ್ರ ಬಾಲ್ಕನಿ ಯಾವ ಕಡೆಗೆ ತೆರೆಯುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಭಾರತದ ತೀರದಲ್ಲಿ 2021ರ ಸೆಪ್ಟೆಂಬರ್‌ನಿಂದ ಯಾನ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಕಟ್ಟಿದ್ದು 1990ರಲ್ಲಿ, 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ. ಗಾತ್ರದ ಲೆಕ್ಕದಲ್ಲಿ ಸುಮಾರು 48,500 ಟನ್, ಟೈಟಾನಿಕ್‌ಗಿಂತ ತುಸು ದೊಡ್ಡದು. ಬಾಲ್ಕನಿಯ ಭರಾಟೆ ಶುರುವಾಗುವ ಮುನ್ನ ಕಟ್ಟಿದ್ದರಿಂದ ಅದರಲ್ಲಿ ಕಿಟಕಿಯ ಕೋಣೆ, ಒಳಕೋಣೆಗಳೇ ಹೆಚ್ಚು. ಬಾಲ್ಕನಿ ಇರುವುದು ಮೇಲ್ದರ್ಜೆಯ ಸೂಟುಗಳಿಗೆ. ಹಳೆಯ ಹಡಗಿನಲ್ಲಿ ಬಾಲ್ಕನಿ ದುಬಾರಿಯಾಗಲು, ಹೊಸ ಹಡಗಿನಲ್ಲಿ ಅದು ಸಾಮಾನ್ಯವಾಗಲು ಇದೇ ಕಾರಣ.

ಆರಿಸುವ ಮುನ್ನ

ಹಾಗಾದರೆ ಬಾಲ್ಕನಿ ಕೊಳ್ಳಬೇಕೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಜೊತೆಗೆ ಇನ್ನಷ್ಟು ವಿಚಾರ ಬೇಕು. ಎರಡೇ ರಾತ್ರಿಯ ಯಾನ, ಹಗಲೆಲ್ಲ ಊಟ, ಆಟ, ಈಜುಕೊಳ ಎಂದು ಮೇಲೆಯೇ ಕಳೆಯುವವರಿಗೆ ಬಾಲ್ಕನಿ ಒಣಗದ ಬಟ್ಟೆ ಹರವುವ ಜಾಗವಾದೀತು. ಹಾಗೆ ಹರವುವುದನ್ನೂ ಹಡಗಿನವರು ಒಪ್ಪುವುದಿಲ್ಲ. ವಯಸ್ಸಾದ ತಂದೆ ತಾಯಿ, ಮಧ್ಯಾಹ್ನ ಮಲಗುವ ಮಗು ಇರುವ ಕುಟುಂಬಕ್ಕೆ, ಜನಜಂಗುಳಿ ಒಗ್ಗದವರಿಗೆ ಅದೇ ಬಾಲ್ಕನಿ ಮನೆಯ ಜಗಲಿಯಂತೆ ಒದಗುತ್ತದೆ.

ಓಲಾಟದ ಲೆಕ್ಕ ಬೇರೆ. ತೊಟ್ಟಿಲಿನ ನಡುವಿಗಿಂತ ತುದಿ ಹೆಚ್ಚು ತೂಗುವಂತೆ ಹಡಗಿನ ಮುಂತುದಿ, ಹಿಂತುದಿಗಳು ಅಲೆಗೆ ಹೆಚ್ಚು ಏರಿಳಿಯುತ್ತವೆ. ಎತ್ತರದ ಅಂತಸ್ತು ಹೆಚ್ಚು ವಾಲುತ್ತದೆ. ನೀರಿನ ಮಟ್ಟಕ್ಕೆ ಹತ್ತಿರದ, ನಡುಭಾಗದ ಕೋಣೆಯಲ್ಲಿ ಅಲುಗಾಟ ಕನಿಷ್ಠ. ಬಾಲ್ಕನಿ ಕೋಣೆಗಳು ಸಾಮಾನ್ಯವಾಗಿ ಎತ್ತರದಲ್ಲೇ ಇರುವುದರಿಂದ, ಬಸ್ಸಿನ ಘಾಟಿಯಲ್ಲೇ ವಾಂತಿ ಮಾಡಿಕೊಳ್ಳುವವರು ನಡುಭಾಗದ ಕೋಣೆಗೆ ಪಟ್ಟು ಹಿಡಿಯುವುದು ಒಳಿತು. ಹಡಗಿನ ಪಕ್ಕೆಗಳಿಂದ ಚಾಚುವ ರೆಕ್ಕೆಗಳು ಅಕ್ಕಪಕ್ಕದ ತೂಗಾಟವನ್ನು ಬಹುಮಟ್ಟಿಗೆ ತಡೆಯುತ್ತವಾದರೂ ಹಿಂದುಮುಂದಿನ ಏರಿಳಿತಕ್ಕೆ ಅವುಗಳಿಂದ ಮದ್ದಿಲ್ಲ. ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತಕ್ಕೆ ಕೆರಳಿರುತ್ತದೆ. ಅಕ್ಟೋಬರ್ ಕಳೆದ ಮೇಲೆ ಕಡಲು ಶಾಂತ.

ಹಡಗಿನ ನಕ್ಷೆಯಲ್ಲಿ ತಮ್ಮ ಕೋಣೆಯನ್ನಷ್ಟೇ ನೋಡಿದರೆ ಸಾಲದು, ಅದರ ಮೇಲೆ ಏನಿದೆ, ಕೆಳಗೆ ಏನಿದೆ ಎಂಬುದನ್ನೂ ನೋಡಬೇಕು. ಮೇಲೆ ಈಜುಕೊಳದ ಅಂಗಳವಿದ್ದರೆ ಬೆಳಕು ಹರಿಯುವ ಮೊದಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ನೃತ್ಯಶಾಲೆಯಿದ್ದರೆ ನಡುರಾತ್ರಿಯವರೆಗೆ ಡಂಗುರ. ಲಿಫ್ಟಿನ ಪಕ್ಕ ಮಾತಿನ ಗದ್ದಲ, ಹಿಂಭಾಗದಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆ, ಮೂತಿಯ ಬಳಿ ಲಂಗರಿನ ಸರಪಳಿಯ ಕಿರುಚಾಟ. ದರ ಕಡಿಮೆಯಿರುವ ಕೆಲವು ಕೋಣೆಗಳ ಮುಂದೆ ಜೀವರಕ್ಷಕ ದೋಣಿ ತೂಗುತ್ತಿದ್ದು ಕಡಲಿಗೆ ಮರೆಯಾಗಿರುತ್ತದೆ. ಕಂಪನಿಗಳು ಅದನ್ನು ಸಣ್ಣ ಅಕ್ಷರದಲ್ಲಿ ತಿಳಿಸಿರುತ್ತವೆ.

ಇನ್ನು ಗಾಳಿ. ಹಡಗು 18 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್ ಓಡುವಾಗ, ಗಾಳಿಯೇ ಇಲ್ಲದ ದಿನವೂ ಸ್ಕೂಟರಿನ ಮೇಲೆ ಕುಳಿತಷ್ಟು ಗಾಳಿ ಬೀಸುತ್ತದೆ. ಬಾಲ್ಕನಿಯ ಬಾಗಿಲು ತೆರೆದಿರುವಾಗ ಕೋಣೆಯ ಬಾಗಿಲನ್ನೂ ತೆರೆದರೆ ಗಾಳಿ ಸುರಂಗದಂತೆ ನುಗ್ಗಿ ಬಾಗಿಲನ್ನು ಅಪ್ಪಳಿಸುತ್ತದೆ. ಮಕ್ಕಳ ಬೆರಳು ಸಿಕ್ಕಿಕೊಳ್ಳುವ ಅಪಾಯವುಂಟು. ಮಗುವನ್ನು ಬಾಲ್ಕನಿಯಲ್ಲಿ ಒಂಟಿಯಾಗಿ ಬಿಡುವುದು, ಕಟಾಂಜನದ ಬಳಿ ಕುರ್ಚಿ ಇಡುವುದು ಎಂದಿಗೂ ಕೂಡದು.

ಒಂದು ಬೆಂಕಿ ಕಲಿಸಿದ ಪಾಠ

ಬಾಲ್ಕನಿಯಲ್ಲಿ ಸಿಗರೇಟು ಸೇದಬಾರದು ಎಂಬ ಫಲಕವನ್ನು ಕಂಡು ಗೊಣಗುವವರುಂಟು. ಆ ಕಟ್ಟುನಿಟ್ಟಿನ ಹಿಂದೆ ಒಂದು ಸಾವಿದೆ. 2006ರ ಮಾರ್ಚ್ 23ರ ನಸುಕಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸಾಗುತ್ತಿದ್ದ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿತು. ಆರದ ಸಿಗರೇಟು ತುಂಡೇ ಕಾರಣವಿರಬೇಕೆಂದು ಬ್ರಿಟಿಷ್ ತನಿಖಾಧಿಕಾರಿಗಳು ಶಂಕಿಸಿದರು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆಗಳು, ಕುರ್ಚಿಗಳು, ನೆಲದ ಹಾಸುಗಳು ಹೊತ್ತಿಕೊಂಡು ಬೆಂಕಿ ಒಂದರಿಂದ ಇನ್ನೊಂದಕ್ಕೆ, ಕೆಳಗಿನಿಂದ ಮೇಲಕ್ಕೆ ಹಬ್ಬಿತು. ಒಬ್ಬ ಪ್ರಯಾಣಿಕ ಅಸುನೀಗಿದ; ಹತ್ತಾರು ಕೋಣೆಗಳು ಸುಟ್ಟವು. ಕೋಣೆಯೊಳಗಿನ ಬೆಂಕಿಗೆ ನಿಯಮಗಳಿದ್ದವು. ಬಾಲ್ಕನಿ ಹೊಸತಾದ್ದರಿಂದ ನಿಯಮ ಅಲ್ಲಿಗೆ ತಲುಪಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಸಾಗರ ಸುರಕ್ಷಾ ಒಪ್ಪಂದಕ್ಕೆ ತಿದ್ದುಪಡಿ ತಂದು, 2008ರ ಜುಲೈನಿಂದ ಬಾಲ್ಕನಿಗಳಿಗೂ ಬೆಂಕಿಯ ಕಟ್ಟುಪಾಡು ಅನ್ವಯಿಸಲಾಯಿತು.

ಹಡಗು ಹೊರಡುವ ಮುನ್ನ ಎಲ್ಲರಿಗೂ ಅಪಾಯದ ಸಂದರ್ಭದ ತಾಲೀಮು ಆಗಲೇಬೇಕೆಂಬ ನಿಯಮದ ಹಿಂದೆಯೂ ಇಂಥದೇ ಕಹಿ ಕಥೆ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾನ್ಕಾರ್ಡಿಯಾ' ಬಂಡೆಗೆ ಬಡಿದು ವಾಲಿದಾಗ 32 ಮಂದಿ ಸತ್ತರು. ಅಂದು ಹತ್ತಿದ ಅನೇಕರಿಗೆ ತಾಲೀಮೇ ನಡೆದಿರಲಿಲ್ಲ. ಬಾಲ್ಕನಿಯಲ್ಲಿ ಫೋಟೋ ತೆಗೆಯುವ ಉತ್ಸಾಹದಲ್ಲಿ ಈ ತಾಲೀಮಿಗೆ ಚಕ್ಕರ್ ಹೊಡೆಯುವವರು ಇದನ್ನು ನೆನೆಯಬೇಕು.

ತಟ್ಟೆ ಹೊತ್ತು ತರುವವರು

ಕೋಣೆಗೆ ಊಟ ತರಿಸುವ ಪದ್ಧತಿ ಹಡಗಿನಿಂದ ಹಡಗಿಗೆ ಬೇರೆ. ಒಂದು ಕಾಲಕ್ಕೆ ಹೆಚ್ಚಿನ ಹಡಗುಗಳಲ್ಲಿ ಅದು ಟಿಕೆಟ್ಟಿನೊಳಗೇ ಸೇರಿತ್ತು. ಈಗ ಹಲವು ಕಂಪನಿಗಳು ಪ್ರತಿ ಬಾರಿ ತಂದುಕೊಡುವುದಕ್ಕೆ ಶುಲ್ಕ ವಿಧಿಸುತ್ತವೆ. ಬ್ರೆಡ್ಡು, ಹಣ್ಣು, ಕಾಫಿಯ ಸರಳ ಬೆಳಗಿನ ತಿಂಡಿಯನ್ನು ಮಾತ್ರ ಉಚಿತವಾಗಿ ಉಳಿಸಿಕೊಂಡ ಹಡಗುಗಳಿವೆ. ಬೇಕಾದ ತಿಂಡಿಗೆ ಗುರುತು ಹಾಕಿದ ಚೀಟಿಯನ್ನು ರಾತ್ರಿ ಬಾಗಿಲ ಹಿಡಿಕೆಗೆ ತೂಗುಹಾಕಿದರೆ ಬೆಳಿಗ್ಗೆ ಹೇಳಿದ ಹೊತ್ತಿಗೆ ತಟ್ಟೆ ಬರುತ್ತದೆ. ಭಾರತೀಯ ಪ್ರಯಾಣಿಕರಿರುವ ಹಡಗುಗಳಲ್ಲಿ ಸಸ್ಯಾಹಾರ, ಜೈನ ಆಹಾರ ಸಿಗುತ್ತದೆ. ಆದರೆ ಟಿಕೆಟ್ಟು ಕೊಳ್ಳುವಾಗಲೇ ಹೇಳಿರಬೇಕು. ಕಾಫಿಯ ಚಿಂತೆಗೆ ಮನೆಯಿಂದ ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯುವವರಿಗೆ ನಿರಾಸೆ ಕಾದಿದೆ. ಬೆಂಕಿಯ ಭಯದಿಂದ ಹಡಗಿನವರು ಅವನ್ನು ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಮನೆಯ ಅಡುಗೆಯನ್ನೂ ಅನೇಕರು ಒಳಗೆ ಬಿಡುವುದಿಲ್ಲ.

ತಟ್ಟೆ ತರುವವರ ಬಗ್ಗೆಯೂ ಎರಡು ಮಾತು. ಹಿಂದೆ ಬ್ರಿಟಿಷ್ ಹಡಗುಗಳಲ್ಲಿ ಈ ಕೆಲಸಕ್ಕೆ ಗೋವೆಯವರು ಹೆಸರಾಗಿದ್ದರು. ಇಂದು ಲೋಕದ ವಿಹಾರ ಹಡಗುಗಳಲ್ಲಿ ಭಾರತೀಯರು ಅಪಾರ ಸಂಖ್ಯೆಯಲ್ಲಿದ್ದಾರೆ. ಗೋವೆಯವರಂತೆ ನಮ್ಮ ಕರಾವಳಿಯ ಯುವಕರೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ತಿಂಗಳುಗಟ್ಟಲೆ ಕಡಲ ಮೇಲೆ ದುಡಿಯುತ್ತಾರೆ. ಅವರ ಕೋಣೆಗಳು ಬಹುಪಾಲು ಹಡಗಿನ ತಳದಲ್ಲಿ, ನೀರಿನ ಮಟ್ಟದ ಆಸುಪಾಸು, ಕಿಟಕಿಯಿಲ್ಲದೆ. 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂದ, ಭಾರತ 2015ರಲ್ಲಿ ಒಪ್ಪಿಕೊಂಡ ನಾವಿಕ ಕಾರ್ಮಿಕ ಒಪ್ಪಂದ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕೆನ್ನುತ್ತದೆ. ಇಲ್ಲವಾದರೆ ದುಡಿಮೆಯ ಮಿತಿ ವಾರಕ್ಕೆ 72 ಗಂಟೆ. ಅಂದರೆ ಕಾನೂನು ಪಾಲಿಸಿದರೂ ದಿನಕ್ಕೆ ಹತ್ತು ಗಂಟೆಯ ದುಡಿಮೆ ಅಲ್ಲಿ ಮಾಮೂಲು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆ ನಮ್ಮದು. ಆದರೆ ಹಡಗು ಕಂಪನಿಗಳು ಸೇವಕರ ಇನಾಮಿನ ಹಣವನ್ನು ಈಗ ತಲೆಗೆ ದಿನಕ್ಕಿಷ್ಟು ಎಂದು ಬಿಲ್ಲಿಗೇ ಸೇರಿಸುವುದುಂಟು. ಟಿಕೆಟ್ಟಿನ ದರ ಹೋಲಿಸುವಾಗ ಅದನ್ನೂ ಕೂಡಿಸಿ ನೋಡಬೇಕು. ನಡುರಾತ್ರಿ ಒಂದು ಲೋಟ ಬಿಸಿ ಹಾಲಿಗೆ ಫೋನು ಮಾಡುವ ಮೊದಲು ಗಡಿಯಾರವನ್ನೂ ಒಮ್ಮೆ ನೋಡಿದರೆ ತಪ್ಪಿಲ್ಲ.

ಟಾಕೀಸಿನ ಅಗ್ಗದ ದರ್ಜೆಗೆ ಯಾರ ಹೆಸರು ಅಂಟಿತೋ ಆ ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ 'ರಾಜಪುತಾನಾ' ಹಡಗಿನಲ್ಲಿ ಹೊರಟಾಗ ಕೊಂಡದ್ದು ಎರಡನೇ ದರ್ಜೆಯ ಟಿಕೆಟ್ಟು. ಹಗಲಿನ ಬಹುಭಾಗವನ್ನು ಅವರು ಕಳೆದದ್ದು ಎಲ್ಲರಿಗೂ ತೆರೆದಿದ್ದ ಡೆಕ್ಕಿನ ಮೇಲೆ. ರಾತ್ರಿ ಮಲಗಿದ್ದೂ ಅಲ್ಲಿಯೇ. ಆ ಡೆಕ್ಕು ಇಂದಿನ ಹಡಗುಗಳಲ್ಲೂ ಇದೆ. ಕಿಟಕಿಯಿಲ್ಲದ ಒಳಕೋಣೆ ಕೊಂಡವರಿಗೂ ಸೂಟು ಕೊಂಡವರಿಗೂ ಅಲ್ಲಿ ಸಮಾನ ಹಕ್ಕು. ಬಾಲ್ಕನಿಯ ಹಣ ಹೊಂದದಿದ್ದರೆ ಕೊರಗಬೇಕಿಲ್ಲ. ಬೆಳಗಿನ ಆರು ಗಂಟೆಗೆ ಎದ್ದು ಮೇಲೆ ಹೋದರೆ ಕಡಲು ಅಲ್ಲಿಂದಲೇ ಹೆಚ್ಚು ಅಗಲವಾಗಿ ಕಾಣುತ್ತದೆ.